ವ್ಯಾಯಾಮದ ಬಯಲಿಗೆ ತಕ್ಕ ನೆಲ

ಊರಿನ ಉದ್ಯಾನಗಳಲ್ಲಿಯೂ ಕೆರೆಯ ದಂಡೆಗಳಲ್ಲಿಯೂ ಕಬ್ಬಿಣದ ವ್ಯಾಯಾಮ ಸಾಧನಗಳನ್ನು ನಿಲ್ಲಿಸುವ ಪದ್ಧತಿಯು ಈಚಿನ ವರ್ಷಗಳಲ್ಲಿ ನಮ್ಮ ನಾಡಿನಲ್ಲಿ ಬೆಳೆದಿದೆ. ಜನರು ಇದನ್ನು ಓಪನ್ ಜಿಮ್ ಎಂದು ಕರೆಯುತ್ತಾರೆ. ಶುಲ್ಕವಿಲ್ಲದೆ, ಶುದ್ಧವಾದ ಗಾಳಿಯಲ್ಲಿ, ಬಡವನೂ ಬಲ್ಲಿದನೂ ಒಂದೇ ಕಡೆಯಲ್ಲಿ ಮೈ ಬಳಲಿಸಬಹುದಾದುದರಿಂದ ಇದು ಶ್ಲಾಘ್ಯವಾದ ಏರ್ಪಾಡೇ ಸರಿ. ಆದರೆ ಇದಕ್ಕಾಗಿ ನಾಲ್ವರು ಕೂಡಿದಾಗ ಸಾಧನಗಳೆಷ್ಟು, ಅವುಗಳ ಬಣ್ಣ ಯಾವುದು, ಫಲಕದಲ್ಲಿ ಯಾರ ಹೆಸರು ಎಂಬ ಮಾತಿನಲ್ಲಿಯೇ ಹೊತ್ತು ಸರಿಯುತ್ತದೆ. ನೆಲದ ಪ್ರಶ್ನೆಯು ಹಣವೆಲ್ಲ ಮುಗಿದ ಮೇಲೆ ಏಳುವುದು. ವಾಚಕರು ಈ ಕ್ರಮವನ್ನು ತಿರುಗಿಸಬೇಕೆಂಬುದೇ ಈ ತಿಂಗಳ ನನ್ನ ವಿಜ್ಞಾಪನೆ. ಕೈ ಜಾರಿದವನನ್ನು ಕೊನೆಗೆ ಹಿಡಿಯುವುದು ನೆಲವೇ ಅಲ್ಲವೇ?

ಕೆಲಸಕ್ಕೆ ತಕ್ಕ ನೆಲವನ್ನು ಸಿದ್ಧಪಡಿಸುವ ವಿವೇಕವು ನಮ್ಮ ಹಿರಿಯರಲ್ಲಿ ಚೆನ್ನಾಗಿತ್ತು. ಭತ್ತ ಬಡಿಯುವ ಅಂಗಳವನ್ನು ಅವರು ಮಳೆಗಾಲ ಕಳೆದೊಡನೆ ಗುದ್ದಿ ಗಟ್ಟಿಮಾಡಿ ಸೆಗಣಿ ಸಾರಿಸುತ್ತಿದ್ದರು. ಅದೇ ಅಂಗಳವು ಆಷಾಢದಲ್ಲಿ ಜಾರುವುದನ್ನು ತಿಳಿದು, ನಡೆಯುವ ಹಾದಿಗೆ ಅಡಿಕೆಯ ಸೋಗೆಯನ್ನು ಹಾಸುತ್ತಿದ್ದರು. ಕಂಬಳದ ಕರೆಗೆ ಬೇಕಾದದ್ದು ಕೆಸರು; ಕೋಣಗಳ ಹಿಂದೆ ಓಡುವವನು ಆಯತಪ್ಪಿ ಬಿದ್ದರೂ ಹಲವು ಸಲ ಮೈಕೊಡವಿ ಏಳುವುದು ಆ ಕೆಸರಿನ ಉಪಕಾರದಿಂದ. ಮಲ್ಲವಿದ್ಯೆಗೂ ಈ ನಾಡಿನಲ್ಲಿ ಹಳೆಯ ಗೌರವವುಂಟು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ಮಲ್ಲವಿನೋದಕ್ಕೆ ಪ್ರತ್ಯೇಕ ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ಮೈಸೂರಿನ ಗರಡಿಮನೆಗಳಲ್ಲಿ ಕೆಮ್ಮಣ್ಣಿಗೆ ಎಣ್ಣೆ, ಅರಸಿನ ಮೊದಲಾದುವನ್ನು ಬೆರಸಿ, ಅದನ್ನು ಆಗಾಗ ಅಗೆದು ಸಡಿಲಿಸಿ, ಮಟ್ಟಿಯನ್ನು ಹದದಲ್ಲಿಡುವುದು ಪೈಲ್ವಾನರ ನಿಯಮ. ಅಲ್ಲಿ ಮಣ್ಣು ಅಗೆಯುವುದೂ ಒಂದು ವ್ಯಾಯಾಮವೇ.

ಮೆತ್ತನೆಯ ನೆಲವು ಹೇಗೆ ರಕ್ಷಿಸುತ್ತದೆಂಬುದಕ್ಕೆ ಸುಲಭವಾದ ಲೆಕ್ಕವುಂಟು. ಒಂದೂವರೆ ಮೀಟರು ಎತ್ತರದಿಂದ ಬಿದ್ದ ವಸ್ತುವು ಒಂದು ಸೆಂಟಿಮೀಟರಿನಲ್ಲಿ ನಿಂತರೆ, ಅದರ ವೇಗವು ಭೂಮಿಯ ಆಕರ್ಷಣೆಯ ಸರಾಸರಿ 150 ಪಟ್ಟು ರಭಸದಿಂದ ತಗ್ಗುತ್ತದೆ. ಅದೇ ವಸ್ತುವು ಹತ್ತು ಸೆಂಟಿಮೀಟರು ಹುಗಿದು ನಿಂತರೆ ಹದಿನೈದು ಪಟ್ಟು ಮಾತ್ರ. ಬಿದ್ದ ಎತ್ತರ ಒಂದೇ. ನಿಲ್ಲಲು ಸಿಕ್ಕಿದ ಅವಕಾಶದಲ್ಲಿ ವ್ಯತ್ಯಾಸ. ತಲೆಬುರುಡೆಗಾಗಲಿ ಮುದುಕರ ಸೊಂಟದ ಎಲುಬಿಗಾಗಲಿ ಈ ವ್ಯತ್ಯಾಸವು ಅಲ್ಪವಲ್ಲ.

ಈಗ ನರಿಕೊಂಬಿನಂಥ ನಮ್ಮ ಗ್ರಾಮಗಳ ಮಣ್ಣನ್ನು ನೋಡೋಣ. ಬಂಟ್ವಾಳದ ಸುತ್ತಮುತ್ತ ಎಲ್ಲಿ ಅಗೆದರೂ ಸಿಕ್ಕುವುದು ಮುರಕಲ್ಲು. 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಕಥನದಲ್ಲಿ ಫ್ರಾನ್ಸಿಸ್ ಬುಕಾನನನು ಇದಕ್ಕೆ ಲ್ಯಾಟರೈಟ್ ಎಂಬ ಹೆಸರಿಟ್ಟನು. ಅಗೆಯುವಾಗ ಕತ್ತಿಗೆ ಬಗ್ಗುವ ಈ ಕಲ್ಲು ಗಾಳಿಗೆ ಒಡ್ಡಿದಂತೆಲ್ಲ ಬಿರುಸಾಗುವುದು. ಇದರ ಮೇಲಿನ ಬರಿಯ ನೆಲವು ಚೈತ್ರ ವೈಶಾಖಗಳಲ್ಲಿ ಹೆಚ್ಚುಕಡಿಮೆ ಕಲ್ಲೇ. ಇನ್ನು ಮಳೆಯೋ, ವರ್ಷಕ್ಕೆ 3,500 ಮಿಲಿಮೀಟರಿಗೆ ಮಿಕ್ಕಿ, ಅದರಲ್ಲಿ ಬಹುಭಾಗ ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿಯುವುದು. ಆಗ ಮಣ್ಣು ಕೊಚ್ಚಿಹೋಗುತ್ತದೆ, ಕಲ್ಲಿನ ಮೇಲೆ ಹಾವಸೆ ಹಿಡಿಯುತ್ತದೆ. ಆದುದರಿಂದ ಬೇರೆ ಸೀಮೆಯವರ ನೆಲವನ್ನು ಇಲ್ಲಿಗೆ ಹಾಗೆಯೇ ತಂದು ಹಾಸುವುದು ಬುದ್ಧಿವಂತಿಕೆಯಲ್ಲ.

ಅಂಗಡಿಯಲ್ಲಿಯೂ ಊರಿನಲ್ಲಿಯೂ ದೊರೆಯುವ ನೆಲಗಳ ಗುಣದೋಷಗಳು ಹೀಗಿವೆ. ಕಾಂಕ್ರೀಟೂ ಇಂಟರ್‌ಲಾಕ್ ಇಟ್ಟಿಗೆಯೂ ನಡೆಯಲು ನೇರವಾಗಿವೆ, ಗಾಲಿಕುರ್ಚಿಗೂ ಅನುಕೂಲ; ಆದರೆ ಬಿದ್ದವನಿಗೆ ಕರುಣೆ ತೋರವು, ಮಳೆಗಾಲದಲ್ಲಿ ಉಜ್ಜದಿದ್ದರೆ ಎಣ್ಣೆ ಸವರಿದಂತೆ ಜಾರುತ್ತವೆ. ಗರಿಕೆಯ ಹುಲ್ಲು ಕಣ್ಣಿಗೆ ಹಿತ. ಜನರು ದಿನಾಲೂ ತುಳಿಯುವ ಸ್ಥಳದಲ್ಲಿ ಅದು ಉಳಿಯದು. ಮರದ ಚಕ್ಕೆ, ತೆಂಗಿನ ನಾರು ಮೊದಲಾದುವು ಒಳ್ಳೆಯ ಮೆತ್ತೆಯಾದರೂ ನಮ್ಮ ಮಳೆಗೆ ಕೊಳೆತು ಗೆದ್ದಲಿಗೆ ಆಹಾರವಾಗುವುವು. ರಬ್ಬರಿನ ಹಾಸು ಬೆಲೆಯುಳ್ಳದ್ದು. ಬಿಸಿಲಿಗೆ ಬರಿಗಾಲು ಇಡಲಾಗದಷ್ಟು ಕಾಯುತ್ತದೆ, ಅಡಿಯಲ್ಲಿ ನೀರು ನಿಂತರೆ ಅಂಚು ಮೇಲೇಳುತ್ತದೆ. ಆದರೂ ಸರಿಯಾಗಿ ಕೂಡಿಸಿದ ರಬ್ಬರು ಬಹುಕಾಲ ಸಮತಟ್ಟಾಗಿ ನಿಲ್ಲುವುದು. ಅದನ್ನು ಕೊಳ್ಳುವವರು ದಪ್ಪವನ್ನು ಮಾತ್ರ ಕೇಳಿ ತೃಪ್ತರಾಗದೆ, ಎಷ್ಟು ಎತ್ತರದ ಬೀಳುವಿಕೆಗೆ ಇದನ್ನು ಪರೀಕ್ಷಿಸಿದೆಯೆಂಬ ಪ್ರಮಾಣಪತ್ರವನ್ನು ಕೇಳಬೇಕು.

ಮರಳಿನ ವಿಷಯವನ್ನು ಸ್ವಲ್ಪ ವಿಸ್ತರಿಸುತ್ತೇನೆ; ನೇತ್ರಾವತಿಯ ನೆರೆಯ ನಮಗೆ ಅದು ಪರಿಚಿತವಾದ ವಸ್ತು. ತೊಳೆದ, ದುಂಡು ಕಣದ ಮರಳು ಬಿದ್ದ ಮೈಯ ಕೆಳಗೆ ಸರಿದು ದಾರಿ ಕೊಡುವುದು. ಕಲ್ಲು ಪುಡಿಮಾಡಿದ ಮರಳಿನ ಚೂಪು ಕಣವೂ ಧೂಳೂ ಸೇರಿ ಬಿಗಿಯಾಗುವುದರಿಂದ ಅದು ಈ ಕಾರ್ಯಕ್ಕೆ ಒದಗದು. ಆಟದ ಬಯಲುಗಳಿಗಾಗಿ ಯುರೋಪಿನವರು ಮಾಡಿಕೊಂಡ ಇ.ಎನ್. 1176 ಎಂಬ ಮಾನದಂಡದ ಪ್ರಕಾರ, ಎರಡು ಮೀಟರಿನ ಬೀಳುವಿಕೆಗೆ ಇಪ್ಪತ್ತು ಸೆಂಟಿಮೀಟರು ಮರಳು ಬೇಕು. ಕಾಲಿಗೆ ಚದುರುವುದಕ್ಕೆಂದು ಇನ್ನೂ ಹತ್ತು ಸೇರಿಸತಕ್ಕದ್ದು. ನಾಲ್ಕು ಮೀಟರು ಉದ್ದಗಲದ ಗುಂಡಿಗೆ ಮೂವತ್ತು ಸೆಂಟಿಮೀಟರಿನಂತೆ ಸುಮಾರು 170 ಘನ ಅಡಿ ಮರಳು ಹಿಡಿಯುವುದು. ನದಿಯ ಮರಳನ್ನು ಕಂಡವರು ಕಂಡಂತೆ ತೆಗೆಯುವಂತಿಲ್ಲವಾದುದರಿಂದ ಪರವಾನಗಿಯುಳ್ಳದ್ದನ್ನೇ ತರಿಸಬೇಕು. ಗುಂಡಿಯ ತಳದಲ್ಲಿ ನೀರು ಹರಿದುಹೋಗುವ ದಾರಿಯಿರಬೇಕು. ಮುರಕಲ್ಲಿನಲ್ಲಿ ಕಡಿದ ದಾರಿಯಿಲ್ಲದ ಗುಂಡಿಯು ಮಳೆಗಾಲಕ್ಕೆ ಬಾವಿಯಾಗುವುದು, ಸೊಳ್ಳೆಗೆ ತೊಟ್ಟಿಲಾಗುವುದು.

ಹಾಗಾದರೆ ಯಾವುದನ್ನು ಆರಿಸೋಣ? ಬಯಲಿಗೆಲ್ಲ ಒಂದೇ ನೆಲ ಬೇಕೆಂಬ ಹಟವನ್ನು ಬಿಟ್ಟರೆ ಸಮಸ್ಯೆಯು ಅರ್ಧ ಪರಿಹಾರವಾಯಿತು. ನಿಂತಲ್ಲಿಯೇ ಕಾಲಾಡಿಸುವ, ಕುಳಿತು ತೋಳೆಳೆಯುವ ಸಾಧನಗಳಿಂದ ಬೀಳುವ ಎತ್ತರವು ಕಡಮೆ. ಇವುಗಳನ್ನು ಹೆಚ್ಚಾಗಿ ಬಳಸುವವರು ವಯಸ್ಸಾದವರು. ಅವರಿಗೆ ಅಪಾಯವು ಹತ್ತಿ ಇಳಿಯುವಾಗ ಜಾರುವುದರಲ್ಲಿದೆ. ಸಡಿಲ ಮರಳಿನಲ್ಲಿ ಅವರ ಕಾಲು ತಡವರಿಸುವುದು. ಇಲ್ಲಿಗೆ ಒರಟು ಮೈಯ, ನೀರು ನಿಲ್ಲದ ಗಟ್ಟಿ ನೆಲ, ಶಕ್ತಿಯಿದ್ದರೆ ಅದರ ಮೇಲೆ ರಬ್ಬರು. ಜೋತಾಡುವ ಅಡ್ಡಕಂಬಿ, ಜೋಡುಕಂಬಿ ಇತ್ಯಾದಿಗಳಲ್ಲಿ ತರುಣರು ಎತ್ತರಕ್ಕೆ ಏರುವರು. ಅಲ್ಲಿ ಆಳವಾದ ಮರಳು ಅಥವಾ ಪರೀಕ್ಷಿತವಾದ ರಬ್ಬರು ಇರಲೇಬೇಕು. ಎರಡನ್ನೂ ಒದಗಿಸಲು ಹಣ ಸಾಲದಿದ್ದರೆ ಎತ್ತರದ ಕಂಬಿಯನ್ನು ಈ ವರ್ಷ ನಿಲ್ಲಿಸದಿರುವುದೇ ಲೇಸು. ಐದು ಸಾಧನಗಳ ಸುರಕ್ಷಿತವಾದ ಬಯಲು ಹತ್ತು ಸಾಧನಗಳ ಅಪಾಯದ ಬಯಲಿಗಿಂತ ಊರಿಗೆ ಹೆಚ್ಚು ಆರೋಗ್ಯವನ್ನು ಕೊಡುವುದು.

ಇನ್ನೆರಡು ಸೂಕ್ಷ್ಮಗಳು. ಸಾಧನದ ಬುಡದ ಕಾಂಕ್ರೀಟೂ ಬೋಲ್ಟೂ ನೆಲದಿಂದ ಸಾಕಷ್ಟು ಕೆಳಗಿರಬೇಕು. ಇಲ್ಲವಾದರೆ ಮೊದಲನೆಯ ಮಳೆಗೆ ಮಣ್ಣು ತೊಳೆದು ಅವು ಹಲ್ಲಿನಂತೆ ಹೊರಬಂದು ಕಾಲಿಗೆ ತಾಗುವುವು. ಗಟ್ಟಿ ನೆಲಕ್ಕೆ ನೂರಕ್ಕೆ ಒಂದೆರಡರಷ್ಟು ಇಳಿಜಾರನ್ನು ಕೊಡಬೇಕು. ಸ್ಥಳವನ್ನು ಆರಿಸುವಾಗ ತಲೆಯೆತ್ತಿಯೂ ನೋಡತಕ್ಕದ್ದು. ತೆಂಗಿನ ಮರದ ಅಡಿಯಲ್ಲಿ ಎಷ್ಟು ಮೆತ್ತನೆಯ ನೆಲವಿದ್ದರೂ ಪ್ರಯೋಜನವಿಲ್ಲ.

ಎಲ್ಲಕ್ಕಿಂತ ಕಷ್ಟವಾದ ಪ್ರಶ್ನೆಯೊಂದು ಉಳಿದಿದೆ: ನಾಳೆಯಿಂದ ಇದನ್ನು ನೋಡಿಕೊಳ್ಳುವವರು ಯಾರು? ಸಡಿಲವಾದ ಹಾಸುಗಳು ಕಾಲಕ್ರಮದಲ್ಲಿ ಕಾಲು ಭಾಗವಾದರೂ ಕುಗ್ಗುವುವೆಂದು ಅಮೆರಿಕದ ಗ್ರಾಹಕ ಸುರಕ್ಷಾ ಆಯೋಗದ ಕೈಪಿಡಿಯು ಎಚ್ಚರಿಸುತ್ತದೆ. ಕಂಬಿಯ ನೇರ ಕೆಳಗೆ, ಅಂದರೆ ಬೇಕಾದ ಸ್ಥಳದಲ್ಲಿಯೇ, ಮರಳು ಮೊದಲು ತೆಳುವಾಗುವುದು. ವಾರಕ್ಕೊಮ್ಮೆ ಅದನ್ನು ಕೆದಕಿ ಸಮಮಾಡಿ, ಗಾಜಿನ ಚೂರು, ನಾಯಿಯ ಹೇಲು ಇವುಗಳನ್ನು ತೆಗೆಯಬೇಕು. ಗಟ್ಟಿ ನೆಲವನ್ನು ಮಳೆಗಾಲದಲ್ಲಿ ಒರಟು ಕುಂಚದಿಂದ ಉಜ್ಜಬೇಕು. ಇದಕ್ಕೊಬ್ಬ ಆಳನ್ನು ಗೊತ್ತುಮಾಡಿ ವರ್ಷದ ಸಂಬಳವನ್ನು ಮೊದಲೇ ತೆಗೆದಿಡದ ಪಂಚಾಯತು ಮರಳನ್ನು ಆರಿಸದಿರಲಿ.

ವ್ಯಾಯಾಮವನ್ನು ಅರ್ಧಶಕ್ತಿಯಿಂದ ಮಾಡತಕ್ಕದ್ದೆಂದು ವಾಗ್ಭಟಾಚಾರ್ಯನ ಉಪದೇಶ. ಬಲದಲ್ಲಿ ಅರ್ಧವನ್ನು ಉಳಿಸಿಕೊಳ್ಳುವುದು ವ್ಯಾಯಾಮ ಮಾಡುವವನ ಕರ್ತವ್ಯವಾದರೆ, ಹಣದಲ್ಲಿ ತಕ್ಕ ಪಾಲನ್ನು ನೆಲಕ್ಕೆ ಉಳಿಸುವುದು ಮಾಡಿಸುವವನ ಕರ್ತವ್ಯ. ನಿಮ್ಮ ಗ್ರಾಮಸಭೆಯಲ್ಲಿ ಈ ವಿಷಯವು ಬಂದಾಗ, ಗೃಹಸ್ಥರೇ, ಸಾಧನಗಳ ಚಿತ್ರಪಟವನ್ನು ಬಿಚ್ಚುವ ಮೊದಲು ಎದ್ದುನಿಂತು ಕೇಳಿರಿ: ಇಲ್ಲಿ ಯಾವ ನೆಲವನ್ನು ಹಾಸುವಿರಿ, ಮಳೆಗಾಲದಲ್ಲಿ ಅದು ಹೇಗಿರುವುದು, ಅದನ್ನು ಕಾಯುವವರು ಯಾರು? ಈ ಮೂರಕ್ಕೆ ಉತ್ತರ ದೊರೆತ ಮೇಲೆ ಬಣ್ಣವನ್ನು ಯಾರು ಬೇಕಾದರೂ ಆರಿಸಲಿ.