ನನಗೆ ಇನ್ನೂ ಅರ್ಥವಾಗದ ಬಿಗ್ ಬಾಸ್

ಸೀಸನ್ ಶುರುವಾಯಿತೆಂದರೆ ನಮ್ಮ ರೂಮಿನ ಗಡಿಯಾರವೇ ಬದಲಾಗುತ್ತದೆ. ರಾತ್ರಿ ಒಂಬತ್ತೂವರೆಯೊಳಗೆ ಅನ್ನ, ಸಾರು ಆಗಿರಬೇಕು. ಪಾತ್ರೆ ಯಾರು ತೊಳೆಯಬೇಕು ಎಂಬ ಜಗಳ ಜಾಹೀರಾತಿನ ಹೊತ್ತಿಗೆ ಮುಂದೂಡಲ್ಪಡುತ್ತದೆ. ಶನಿವಾರ ಬಂತೆಂದರೆ ಸುದೀಪ್ ಯಾವ ಕೋಟು ಹಾಕಿದ್ದಾರೆ, ಯಾರಿಗೆ ಕ್ಲಾಸ್ ತೆಗೆದುಕೊಳ್ಳುತ್ತಾರೆ ಎಂಬ ಚರ್ಚೆ. ಹಾವೇರಿಯವನೊಬ್ಬ, ಮಂಡ್ಯದವನೊಬ್ಬ, ಶಿರಸಿಯವನೊಬ್ಬ, ಸುಳ್ಯದ ಕಡೆಯ ನಾನು. ಪತ್ರಿಕೋದ್ಯಮ ಓದಿ ಬೆಂಗಳೂರಿಗೆ ಬಂದ ನಾಲ್ವರು ಹಳ್ಳಿ ಹುಡುಗರಲ್ಲಿ ಮೂವರು ಟಿವಿಯ ಮುಂದೆ, ಒಬ್ಬ ಬಾಲ್ಕನಿಯಲ್ಲಿ. ಆ ಒಬ್ಬ ನಾನು.

ನಾನು ಪ್ರಯತ್ನವನ್ನೇ ಮಾಡಿಲ್ಲ ಅಂತ ತಿಳಿಯಬೇಡಿ. ಒಂದು ಸೀಸನ್‌ನಲ್ಲಿ ಹಟಕ್ಕೆ ಬಿದ್ದು ಎರಡು ವಾರ ಪೂರ್ತಿ ನೋಡಿದೆ. ಒಬ್ಬರು ಇನ್ನೊಬ್ಬರ ಪಾಲಿನ ಚಪಾತಿ ತಿಂದರು. ಅದರ ಬಗ್ಗೆ ಮೂರು ದಿನ ಮಾತಾಯಿತು. ಯಾರೋ ಅತ್ತರು, ಯಾರೋ ಸಮಾಧಾನ ಮಾಡಿದರು, ಸಮಾಧಾನ ಮಾಡಿದವರೇ ಮರುದಿನ ಅವರನ್ನು ನಾಮಿನೇಟ್ ಮಾಡಿದರು. ನನ್ನ ಪಕ್ಕದಲ್ಲಿ ಕುಳಿತ ಮೂವರ ಮುಖದಲ್ಲಿ ವಿಶ್ವಕಪ್ ಫೈನಲ್ ನೋಡುವ ಕಳೆ. ನನಗೆ ಮಾತ್ರ ಯಾರದೋ ಮನೆಯ ಜಗಳಕ್ಕೆ ಕಿಟಕಿಯಲ್ಲಿ ಕಿವಿಯಿಟ್ಟು ನಿಂತ ಮುಜುಗರ.

'ಇದರಲ್ಲಿ ಏನುಂಟು ಮಾರಾಯಾ?' ಅಂತ ಕೇಳಿದರೆ ಸಿಗುವ ಮೊದಲ ಉತ್ತರ: 'ಮನುಷ್ಯರ ನಿಜ ಗುಣ ಗೊತ್ತಾಗುತ್ತೆ.' ಇದನ್ನು ಒಪ್ಪಲು ನನಗೆ ನಾವು ಕಲಿತ ವಿದ್ಯೆಯೇ ಅಡ್ಡ ಬರುತ್ತದೆ. ಆ ಮನೆಯಲ್ಲಿ ದಿನದ 24 ಗಂಟೆಯೂ ಕ್ಯಾಮೆರಾಗಳು ಓಡುತ್ತಿರುತ್ತವೆ. ನಮಗೆ ತೋರಿಸುವುದು ಜಾಹೀರಾತೂ ಸೇರಿ ಒಂದು, ಒಂದೂವರೆ ಗಂಟೆ. ಒಬ್ಬರ ಮುಖ ಸಿಂಡರಿಸಿದ್ದನ್ನು ಇನ್ಯಾರದೋ ಮಾತಿನ ಪಕ್ಕ ಜೋಡಿಸಿದರೆ ಸಿಟ್ಟು ತಯಾರು. ಅದಕ್ಕೊಂದು ಹಿನ್ನೆಲೆ ಸಂಗೀತ ಹಾಕಿದರೆ ಕುತಂತ್ರ ತಯಾರು. ಎಡಿಟಿಂಗ್ ಟೇಬಲ್ ಮುಂದೆ ಒಂದು ವಾರ ಕುಳಿತವರಿಗೂ ಇದು ಗೊತ್ತು. ನಮ್ಮ ನಾಲ್ವರಿಗೂ ಗೊತ್ತು. ಗೊತ್ತಿದ್ದೂ ಆ ಮೂವರು 'ಅವನು ಫೇಕ್, ಇವಳು ಜೆನ್ಯೂನ್' ಎಂದು ಷರಾ ಬರೆಯುವುದನ್ನು ಕಂಡಾಗ ಒಂದೇ ತರಗತಿಯಲ್ಲಿ ಕುಳಿತಿದ್ದೆವಾ ಅನ್ನುವ ಅನುಮಾನ ಬರುತ್ತದೆ.

ಎರಡನೇ ಉತ್ತರ, ಮಂಡ್ಯದವನದ್ದು: 'ಸುಮ್ನೆ ಟೈಮ್‌ಪಾಸ್ ಕಣ್ಲಾ, ಅದ್ಕೂ ಲೆಕ್ಚರ್ ಕೊಡ್ಬೇಡ.' ಟೈಮ್‌ಪಾಸ್ ಆದರೆ ನನ್ನದೂ ತಕರಾರಿಲ್ಲ. ಆದರೆ ಕಡಲೆಕಾಯಿ ತಿಂದು ಸಿಪ್ಪೆ ಬಿಸಾಡಿದ ಹಾಗೆ ಇದು ಮುಗಿಯುವುದಿಲ್ಲ. ವೋಟು ಹಾಕಬೇಕು, ಊರಿನವರಿಂದ ಹಾಕಿಸಬೇಕು, ಸ್ಟೇಟಸ್ ಇಡಬೇಕು. ತನ್ನ ನೆಚ್ಚಿನ ಸ್ಪರ್ಧಿ ಹೊರಬಿದ್ದ ರಾತ್ರಿ ಇದೇ ಟೈಮ್‌ಪಾಸ್ ಮನುಷ್ಯ ಊಟ ಬಿಟ್ಟು ಮಲಗಿದ್ದ.

ಈ ಆಟ ನಮ್ಮಲ್ಲಿ ಹುಟ್ಟಿದ್ದಲ್ಲ. 1999ರಲ್ಲಿ ನೆದರ್ಲೆಂಡ್ಸ್‌ನಲ್ಲಿ 'ಬಿಗ್ ಬ್ರದರ್' ಹೆಸರಿನಲ್ಲಿ ಶುರುವಾಯಿತು. ಆ ಹೆಸರು ಬಂದದ್ದು ಜಾರ್ಜ್ ಆರ್ವೆಲ್ಲನ '1984' ಕಾದಂಬರಿಯಿಂದ. ಪ್ರಜೆಗಳ ಮನೆಯೊಳಗೂ ಕಣ್ಣಿಟ್ಟು ಕಾಯುವ ಸರ್ಕಾರದ ಬಗ್ಗೆ 1949ರಲ್ಲಿ ಒಬ್ಬ ಲೇಖಕ ಕೊಟ್ಟ ಎಚ್ಚರಿಕೆ ಐವತ್ತು ವರ್ಷಕ್ಕೆ ಮನರಂಜನೆಯಾಯಿತು. ಹಿಂದಿಗೆ 2006ರಲ್ಲಿ ಬಂತು, ಕನ್ನಡಕ್ಕೆ 2013ರಲ್ಲಿ. ಮೊದಲ ಮನೆ ಇದ್ದದ್ದು ದೂರದ ಲೋನಾವಳದಲ್ಲಿ, ಆಮೇಲೆ ಬಿಡದಿಗೆ ಬಂತು. ಇಷ್ಟನ್ನೆಲ್ಲ ಒಂದು ದಿನ ರೂಮಿನಲ್ಲಿ ವಿವರಿಸಿದೆ. ಶಿರಸಿಯವನು ತಿರುಗಿಯೂ ನೋಡದೆ, 'ಹೌದಾ, ಸರಿ, ಸ್ವಲ್ಪ ಪಕ್ಕಕ್ಕೆ ನಿಲ್ಲು, ಟಿವಿ ಕಾಣ್ತಿಲ್ಲೆ' ಅಂದ.

ಮೂರನೇ ಉತ್ತರ ಬಂದದ್ದು 2025ರ ಜನವರಿಯಲ್ಲಿ, ಹನ್ನೊಂದನೇ ಸೀಸನ್ ಮುಗಿದಾಗ. ಅದನ್ನು ನಾನು ಸುಲಭವಾಗಿ ತಳ್ಳಿಹಾಕಲು ಆಗಿಲ್ಲ. ಹಾವೇರಿ ಜಿಲ್ಲೆಯ ಹನುಮಂತ ಗೆದ್ದ ರಾತ್ರಿ ನಮ್ಮ ಹಾವೇರಿಯವನು ಕುಣಿದದ್ದಕ್ಕೆ ಕೆಳಗಿನ ಮನೆಯವರು ಬಾಗಿಲು ತಟ್ಟಿದರು. ನಾನು ನನ್ನ ಬುದ್ಧಿವಂತಿಕೆ ತೋರಿಸಲು ಹೋದೆ. 'ಹಳ್ಳಿಯವನೆಂದರೆ ಮುಗ್ಧ, ಲುಂಗಿ, ಜಾನಪದ ಹಾಡು. ಇದು ಪೇಟೆಯವರು ನಮಗೆ ಕೊಟ್ಟ ಪಾತ್ರ. ಅದೇ ಪಾತ್ರಕ್ಕೆ ನೀನೂ ಚಪ್ಪಾಳೆ ತಟ್ಟುತ್ತಿದ್ದೀಯಲ್ಲ' ಅಂದೆ. ಅವನು ಕುಣಿಯುವುದನ್ನು ನಿಲ್ಲಿಸಿ ಹೇಳಿದ:

'ನಿನಗ ತಿಳಿಯಂಗಿಲ್ಲ ಬಿಡಪಾ. ಇಷ್ಟು ದಿನಾ ಟಿವಿಯಾಗ ನಮ್ಮ ಮಾತು ಬಂದ್ರ ಮಂದಿ ನಗ್ತಿದ್ರು. ಇಂವಾ ಮಾತಾಡಿದಾಗ ಕೇಳ್ಕೋಂತ ಕುಂತ್ರು. ನನಗ ಅಷ್ಟ ಸಾಕು.'

ನನಗೆ ಉತ್ತರ ಹೊಳೆಯಲಿಲ್ಲ. ಯಾಕೆಂದರೆ ಸಿನಿಮಾದಲ್ಲಿ 'ಎಂಥದು ಮಾರಾಯ್ರೆ' ಅಂತ ಯಾರಾದರೂ ಬಾಯಿ ತೆರೆದ ಕೂಡಲೇ ಥಿಯೇಟರ್ ಪೂರ್ತಿ ನಗುವುದನ್ನು ಕೇಳುತ್ತಾ ಬೆಳೆದವನು ನಾನು. 2022ರ ಕೊನೆಯಲ್ಲಿ, ಒಂಬತ್ತನೇ ಸೀಸನ್‌ನಲ್ಲಿ ತುಳು ಸಿನಿಮಾದ ರೂಪೇಶ್ ಶೆಟ್ಟಿ ಗೆದ್ದಾಗ ಊರಿನಿಂದ ತಂಗಿ ರಾತ್ರಿಯೇ ಫೋನ್ ಮಾಡಿದ್ದಳು. 'ಅಣ್ಣ, ನಮ್ಮವ ಗೆದ್ದ!' ನಾನು ಒಂದು ಕಂತೂ ನೋಡಿರಲಿಲ್ಲ. ಆದರೂ ಮರುದಿನ ಆಫೀಸಿನಲ್ಲಿ ನನ್ನ ನಡಿಗೆಯಲ್ಲಿ ಸ್ವಲ್ಪ ಗತ್ತು ಇತ್ತು. ಅದನ್ನು ಹಾವೇರಿಯವನಿಗೆ ನಾನು ಈವರೆಗೂ ಹೇಳಿಲ್ಲ. ಈಗ ಓದಿಕೊಳ್ಳಲಿ.

ಇಷ್ಟಾದರೂ ನನ್ನ ನಿಜವಾದ ಸಂಕಟ ಇರುವುದು ಕಾರ್ಯಕ್ರಮದ ಬಗ್ಗೆ ಅಲ್ಲ, ನಮ್ಮ ಉದ್ಯೋಗದ ಬಗ್ಗೆ. ಶಿರಸಿಯ ಗೆಳೆಯ ಒಂದು ಸುದ್ದಿ ವೆಬ್‌ಸೈಟಿನ ಡೆಸ್ಕಿನಲ್ಲಿದ್ದಾನೆ. ಸೀಸನ್ ಇರುವ ಮೂರು ತಿಂಗಳು ಅವನ ದಿನದ ಕೋಟಾದಲ್ಲಿ ಅರ್ಧಕ್ಕಿಂತ ಹೆಚ್ಚು ಬಿಗ್ ಬಾಸ್. ಯಾರು ಯಾರ ಜೊತೆ ಮಾತು ಬಿಟ್ಟರು, ಯಾರ ಅಮ್ಮ ಮನೆಯೊಳಗೆ ಬಂದರು, ಯಾರು ಮೂಲೆಯಲ್ಲಿ ಕೂತು ಅತ್ತರು. ನಾನು ಕಳೆದ ಮಳೆಗಾಲ ಊರಿಗೆ ಹೋದಾಗ ಅಡಿಕೆಯ ಹಳದಿ ಎಲೆ ರೋಗದ ಬಗ್ಗೆ ವರದಿ ಬರೆದೆ. ಸುಳ್ಯ ತಾಲ್ಲೂಕಿನ ಸಂಪಾಜೆ, ಅರಂತೋಡು, ಮರ್ಕಂಜ ಭಾಗದ ತೋಟಗಳನ್ನು ಈ ರೋಗ ದಶಕಗಳಿಂದ ತಿನ್ನುತ್ತಿದೆ. ಸೋಗೆ ಹಳದಿಯಾಗಿ, ಫಸಲು ಇಳಿದು, ಕೊನೆಗೆ ತೋಟವೇ ಇಲ್ಲವಾಗುತ್ತದೆ. ಮದ್ದು ಸಿಕ್ಕಿಲ್ಲ. ಇದನ್ನೆಲ್ಲ ಓಡಾಡಿ, ಹತ್ತಾರು ಜನರನ್ನು ಮಾತಾಡಿಸಿ ಬರೆದೆ. ಓದಿದವರ ಸಂಖ್ಯೆ ಮೂರಂಕಿ ದಾಟಲಿಲ್ಲ. ಅದೇ ದಿನ ಅದೇ ಪುಟದ ಮೇಲ್ಭಾಗದಲ್ಲಿ ಬಿಗ್ ಬಾಸ್ ಮನೆಯ ಒಂದು ಕಣ್ಣೀರು.

ಆ ರಾತ್ರಿ ರೂಮಿನಲ್ಲಿ ಜೋರಾಗಿಯೇ ಜಗಳವಾಯಿತು. 'ನಿಮ್ಮಂಥವರಿಂದಲೇ ಹೀಗಾಗಿದ್ದು' ಅಂದುಬಿಟ್ಟೆ. ಹಾವೇರಿಯವನು ಟಿವಿ ಆರಿಸಿ ನನ್ನ ವರದಿಯನ್ನು ಮೊಬೈಲಿನಲ್ಲಿ ತೆರೆದು ಪೂರ್ತಿ ಓದಿದ. ಆಮೇಲೆ ಕೇಳಿದ, 'ಇದರಾಗ ಮನಷ್ಯಾರು ಎಲ್ಲಿ ಅದಾರ?' ನಾನೂ ತಿರುಗಿ ಓದಿದೆ. 'ರೈತರು ಕಂಗಾಲಾಗಿದ್ದಾರೆ.' 'ಬೆಳೆಗಾರರು ಪರ್ಯಾಯ ಬೆಳೆಯತ್ತ ಮುಖ ಮಾಡಿದ್ದಾರೆ.' 'ಸರ್ಕಾರ ಇತ್ತ ಗಮನ ಹರಿಸಬೇಕಿದೆ.' ನಾನು ಮಾತಾಡಿಸಿದ ಅಜ್ಜ ಒಬ್ಬರು ತಾವೇ ನೆಟ್ಟ ಅಡಿಕೆ ಮರಗಳನ್ನು ಕಡಿಸುವ ದಿನ ನೋಡಲಾರದೆ ಮಗಳ ಮನೆಗೆ ಹೋಗಿ ಕೂತಿದ್ದರು. ಅದು ನನ್ನ ನೋಟ್‌ಬುಕ್ಕಿನಲ್ಲಿತ್ತು, ವರದಿಯಲ್ಲಿ ಇರಲಿಲ್ಲ. ಜಾಗ ಸಾಲದು ಅಂತ ನಾನೇ ತೆಗೆದಿದ್ದೆ.

ಬಿಗ್ ಬಾಸ್ ಮಾಡುವುದು ಇಷ್ಟೇ ಇರಬೇಕು. ಹದಿನೈದಿಪ್ಪತ್ತು ಜನರನ್ನು ಹೆಸರು ಹಿಡಿದು, ಸುಮಾರು ನೂರು ದಿನ, ಬಿಡದೆ ತೋರಿಸುತ್ತದೆ. ಅವರು ಏನು ತಿಂದರು, ಯಾಕೆ ಮುನಿದರು ಎಂಬುದು ನೋಡುವವರಿಗೆ ನೆರೆಮನೆಯ ವಿಷಯವಾಗುತ್ತದೆ. ನಾವು ಮಾತ್ರ ಊರಿನವರನ್ನು 'ರೈತರು', 'ಗ್ರಾಮಸ್ಥರು', 'ಸಂತ್ರಸ್ತರು' ಅಂತ ಗುಂಪು ಮಾಡಿ ಒಂದು ದಿನ ಬರೆದು, ಮರುದಿನ ಬೇರೆ ಊರಿಗೆ ಹೋಗುತ್ತೇವೆ. ಆಮೇಲೆ ಓದುಗರಿಗೆ ಕಾಳಜಿ ಇಲ್ಲ ಅಂತ ದೂರುತ್ತೇವೆ.

ಹಾಗಂತ ವರದಿಯೂ ಬಿಗ್ ಬಾಸ್ ಆಗಬೇಕು ಅಂತ ನಾನು ಹೇಳುತ್ತಿಲ್ಲ. ಅಲ್ಲಿ ಅಳುವವರು ಒಪ್ಪಂದಕ್ಕೆ ಸಹಿ ಮಾಡಿ ಒಳಗೆ ಹೋದವರು; ಗೆದ್ದವರಿಗೆ ಬಹುಮಾನ ಇದೆ, ಸೋತವರಿಗೂ ಸಂಭಾವನೆ ಇದೆ. ತೋಟ ಕಳೆದುಕೊಂಡ ಅಜ್ಜ ಯಾವುದಕ್ಕೂ ಸಹಿ ಮಾಡಿದವರಲ್ಲ. ಅವರ ಕಣ್ಣೀರಿಗೆ ಹಿನ್ನೆಲೆ ಸಂಗೀತ ಹಾಕುವ ಹಕ್ಕು ನಮಗಿಲ್ಲ. ಆದರೆ ಅವರ ಮನೆಗೆ ಎರಡನೇ ಸಲ, ಮೂರನೇ ಸಲ ಹೋಗುವುದಕ್ಕೆ ಯಾರೂ ಅಡ್ಡ ಬಂದಿಲ್ಲ. ಮರ ಕಡಿದ ಜಾಗದಲ್ಲಿ ಏನು ನೆಟ್ಟರು? ಅದು ಫಸಲು ಕೊಡುವವರೆಗೆ ಮನೆಯ ಖರ್ಚಿಗೆ ಏನು ಮಾಡುತ್ತಾರೆ? ಬೆಂಗಳೂರಿನಲ್ಲಿರುವ ಮೊಮ್ಮಗ ವಾಪಸ್ ಬರುತ್ತಾನಾ? ಒಂದೇ ತೋಟವನ್ನು ಒಂದು ವರ್ಷ ಹಿಂಬಾಲಿಸಿ ಬರೆಯುವುದು ಅಂತ ತೀರ್ಮಾನಿಸಿದ್ದೇನೆ. ಮೊದಲ ಕಂತಿಗಾಗಿ ಮುಂದಿನ ವಾರ ಊರಿಗೆ ಹೊರಟಿದ್ದೇನೆ. ಅಜ್ಜ ಒಪ್ಪಿದರೆ ಮಾತ್ರ.

ಬಿಗ್ ಬಾಸ್ ನನಗೆ ಇವತ್ತಿಗೂ ರುಚಿಸುವುದಿಲ್ಲ. ಮುಂದಿನ ಸೀಸನ್‌ಗೂ ನಾನು ಬಾಲ್ಕನಿಯಲ್ಲೇ ಇರುತ್ತೇನೆ. ಆದರೆ ಒಳಗೆ ಕುಳಿತವರನ್ನು ದಡ್ಡರು ಅಂತ ಅಂದುಕೊಳ್ಳುವುದನ್ನು ಬಿಟ್ಟಿದ್ದೇನೆ. ಒಬ್ಬ ಅಪರಿಚಿತನ ಬಗ್ಗೆ ಮೂರು ತಿಂಗಳು ದಿನವೂ ಯೋಚಿಸುವ ತಾಳ್ಮೆ ಅವರಿಗಿದೆ. ಅಜ್ಜನ ತೋಟದ ಮೊದಲ ಕಂತು ಬರೆದ ದಿನ ಅದನ್ನು ಮೊದಲು ಓದಿಸುವುದು ಹಾವೇರಿಯವನಿಗೇ. ಒಂಬತ್ತೂವರೆಗೆ ಮುಂಚೆ.