ಬೇಸಿಗೆಗೂ ಅದೇ ಚೀಟಿಯೇ?



ಸೊಲ್ಲಾಪುರ, ಅಕ್ಕಲಕೋಟೆಯ ಬಿಸಿಲನ್ನು ನಿಮಗೆ ವರ್ಣಿಸಬೇಕಾಗಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 42 ಡಿಗ್ರಿ ದಾಟುವುದು ಇಲ್ಲಿ ಹೊಸದಲ್ಲ. ಬೇಸಿಗೆ ಬಂತೆಂದರೆ ಬೆಳೆಗೆ ನೀರಿನ ಸರದಿ ಬದಲಿಸುತ್ತೇವೆ, ಎತ್ತುಗಳನ್ನು ನೆರಳಿಗೆ ಕಟ್ಟುತ್ತೇವೆ. ಆದರೆ ಮನೆಯ ಹಿರಿಯರಿಗೆ ಮಾತ್ರ ಚಳಿಗಾಲದಲ್ಲಿ ಬರೆದುಕೊಟ್ಟ ಹಳೆಯ ಚೀಟಿಯನ್ನೇ ತೋರಿಸಿ ಗುಳಿಗೆ ತರುತ್ತಿರುತ್ತೇವೆ. ಇದು ಸರಿಯಲ್ಲವೆಂದು ನನ್ನ ಅಭಿಪ್ರಾಯ.

ವಯಸ್ಸಾದಂತೆ ಬಾಯಾರಿಕೆ ತಿಳಿಯುವುದೇ ಕಡಿಮೆಯಾಗುತ್ತದೆ. ನೀರನ್ನು ಹಿಡಿದಿಡುವ ಮೂತ್ರಪಿಂಡಗಳ ಶಕ್ತಿಯೂ ಕುಗ್ಗುತ್ತದೆ. ಹೃದ್ರೋಗಕ್ಕೂ ರಕ್ತದೊತ್ತಡಕ್ಕೂ ಕೊಡುವ ಫ್ಯೂರೋಸೆಮೈಡ್, ಹೈಡ್ರೋಕ್ಲೋರೋಥಯಾಜೈಡ್‌ನಂಥ ಗುಳಿಗೆಗಳು ಮೂತ್ರದ ಮೂಲಕ ನೀರನ್ನೂ ಉಪ್ಪನ್ನೂ ಹೊರಹಾಕುತ್ತವೆ. ಇದರ ಮೇಲೆ ಬೆವರು ಸುರಿದರೆ, ವಾಂತಿಭೇದಿಯೂ ಆದರೆ, ರಕ್ತದೊತ್ತಡ ತೀರ ಇಳಿಯುತ್ತದೆ. ಹಾಸಿಗೆಯಿಂದ ಎದ್ದ ಕೂಡಲೇ ಕಣ್ಣಿಗೆ ಕತ್ತಲೆ ಬಂದು ಬೀಳುತ್ತಾರೆ, ಸೊಂಟದ ಎಲುಬು ಮುರಿಯುತ್ತದೆ. "ಮುತ್ಯಾಗ ವಯಸ್ಸಾಗ್ಯದ, ತಲಿ ತಿರಗ್ತದ" ಎಂದು ಮನೆಯವರು ಸುಮ್ಮನಾಗುತ್ತಾರೆ!

ಎನಲಾಪ್ರಿಲ್, ರಾಮಿಪ್ರಿಲ್, ಟೆಲ್ಮಿಸಾರ್ಟನ್ ಒಳ್ಳೆಯ ಔಷಧಗಳೇ. ಆದರೆ ಮೈಯಲ್ಲಿ ನೀರು ಬತ್ತಿದಾಗ ಇವುಗಳೊಂದಿಗೆ ಮೂತ್ರದ ಗುಳಿಗೆಯೂ, ಮೊಣಕಾಲು ನೋವಿಗೆಂದು ಅಂಗಡಿಯಲ್ಲಿ ಕೇಳಿ ತಂದ ಡೈಕ್ಲೋಫೆನಾಕ್ ಗುಳಿಗೆಯೂ ಸೇರಿದರೆ ಮೂತ್ರಪಿಂಡಗಳು ಕೆಲವೇ ದಿನಗಳಲ್ಲಿ ಕೆಡಬಹುದು. ಡಿಗಾಕ್ಸಿನ್ ಸೇವಿಸುವವರಲ್ಲಿ ಆ ಔಷಧ ಮೈಯಲ್ಲೇ ಉಳಿದು ವಿಷವಾಗಬಹುದು.

ಹಾಗೆಂದು ಯಾರೂ ತಾವಾಗಿಯೇ ಗುಳಿಗೆ ನಿಲ್ಲಿಸಬಾರದು, ಅದೂ ಅಪಾಯವೇ. ಬಿಸಿಲು ಏರುವ ಮೊದಲು ಎಲ್ಲ ಗುಳಿಗೆಗಳನ್ನೂ ಒಂದು ಚೀಲದಲ್ಲಿ ತುಂಬಿ ವೈದ್ಯರ ಮುಂದಿಡಿ. ಕುಳಿತಾಗಲೂ ನಿಂತಾಗಲೂ ರಕ್ತದೊತ್ತಡ ನೋಡಿಸಿ. ವಾಂತಿಭೇದಿಯಾದ ದಿನ ಯಾವ ಗುಳಿಗೆ ಬಿಡಬೇಕು, ದಿನಕ್ಕೆ ಎಷ್ಟು ನೀರು ಕುಡಿಯಬೇಕು ಎಂದು ಕೇಳಿ. ಹೃದಯ ದುರ್ಬಲವಾಗಿ ಕಾಲು ಬಾತವರಿಗೆ ನೀರಿಗೂ ಉಪ್ಪಿಗೂ ಮಿತಿಯಿರುತ್ತದೆ. ಚೀಟಿ ಇಂಗ್ಲಿಷಿನಲ್ಲಿ, ಅಂಗಡಿಯ ಮಾತು ಮರಾಠಿಯಲ್ಲಿ, ಅಜ್ಜಿಯ ಮಾತು ಕನ್ನಡದಲ್ಲಿ. ಆದ್ದರಿಂದ ವೈದ್ಯರು ಹೇಳಿದ್ದನ್ನು ಮಕ್ಕಳು ಕನ್ನಡದಲ್ಲಿ ಬರೆದು ಡಬ್ಬಿಗೆ ಅಂಟಿಸಲಿ.

ಕೆಲವು ಹಿರಿಯರು ಹಳೆಯ ರೂಢಿಯಂತೆ ನೀರೂ ಮುಟ್ಟದೆ ಬಲಿಪೂಜೆಗೆ ಬರುತ್ತಾರೆ. ಪರಮಪ್ರಸಾದಕ್ಕೆ ಮುನ್ನ ನೀರು, ಔಷಧ ಸೇವಿಸಿದರೆ ಉಪವಾಸ ಮುರಿಯುವುದಿಲ್ಲ. 60ನೇ ವರ್ಷಕ್ಕೆ ಕಾಲಿಟ್ಟವರಿಗೆ ತಪಸ್ಸು ಕಾಲದ ಉಪವಾಸವೂ ಕಡ್ಡಾಯವಲ್ಲ. ಬಾಯಾರಿದವರಿಗೆ ನೀರು ಕೊಡುವುದು ದಯೆಯ ಕಾರ್ಯ. ಪಡಸಾಲೆಯಲ್ಲಿ ಕುಳಿತ ಮುತ್ಯಾ ಕೇಳುವವರೆಗೆ ಕಾಯಬೇಡಿ. ತಂಬಿಗೆ ಹಿಡಿದು ನೀವೇ ಹೋಗಿ.