ಕಾರಿಗೆ ಮನೆಯ ಪ್ಲಗ್ ಸಾಕು, ಆದರೆ ಆ ಮೂರನೇ ತೂತು ಸುಳ್ಳಾಗಿರಬಾರದು

ಹಾವೇರಿ ಜಿಲ್ಲೆಯ ನಮ್ಮ ಪಕ್ಕದೂರಿನ ಹೈಸ್ಕೂಲ್ ಮಾಸ್ತರೊಬ್ಬರು ಹೋದ ವರ್ಷ ಎಲೆಕ್ಟ್ರಿಕ್ ಕಾರು ತಂದರು. ಊರಿಗೆ ಅದೇ ಮೊದಲನೆಯದು. ಶಾಲೆಗೆ ಹೋಗಿ ಬರಲು ಅವರಿಗೆ ದಿನಕ್ಕೆ 40 ಕಿಲೋಮೀಟರ್ ಆಗುತ್ತದೆ. ಪೆಟ್ರೋಲ್ ಖರ್ಚು ಲೆಕ್ಕ ಹಾಕಿಯೇ ಮನಸ್ಸು ಮಾಡಿದ್ದರು.

ಮೊದಲ ರಾತ್ರಿ ಕೇಬಲ್ ಚುಚ್ಚಿದರೆ ಕಾರು ಚಾರ್ಜ್ ತೆಗೆದುಕೊಳ್ಳಲಿಲ್ಲ. ಕೇಬಲ್ ನಡುವಿನ ಡಬ್ಬಿಯಲ್ಲಿ ಕೆಂಪು ದೀಪ. ಶೋರೂಮಿಗೆ ಫೋನ್ ಮಾಡಿದರೆ, "ಅರ್ಥಿಂಗ್ ಪ್ರಾಬ್ಲಮ್ ಇರಬೇಕು ಸರ್, ಲೋಕಲ್ ಎಲೆಕ್ಟ್ರಿಷಿಯನ್‌ಗೆ ತೋರಿಸಿ" ಎಂದರು. ಊರ ವೈರಿಂಗ್ ಹುಡುಗ ಬಂದ. "ಅದೇನ್ ದೊಡ್ಡದಲ್ರಿ ಸರ್, ಐದ್ ನಿಮಿಷದ ಕೆಲಸ" ಅಂದವನೇ ಸಾಕೆಟ್ ಬಿಚ್ಚಿ, ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ಬೆರಳುದ್ದದ ವೈರ್ ತುಂಡು ಜೋಡಿಸಿದ. ದೀಪ ಹಸಿರಾಯಿತು. ಮಾಸ್ತರು 200 ರೂಪಾಯಿ ಕೊಟ್ಟು, ಚಹಾ ಕುಡಿಸಿ ಕಳಿಸಿದರು.

ಮೂರು ತಿಂಗಳು ಎಲ್ಲ ಸುಸೂತ್ರ. ಆಮೇಲೆ ಒಂದು ರಾತ್ರಿ ಗಾಳಿ ಮಳೆ ಬಂತು. ಕಂಬದಿಂದ ಮನೆಗೆ ಬರುವ ಸರ್ವಿಸ್ ವೈರಿನ ನ್ಯೂಟ್ರಲ್ ಕಿತ್ತುಬಂತು. ಮನೆಯಲ್ಲಿ ಲೈಟ್ ಇಲ್ಲ, ಫ್ಯಾನ್ ಇಲ್ಲ. ಕರೆಂಟ್ ಹೋಗಿದೆ ಅಂದುಕೊಂಡು ಮಲಗಿದರು. ಬೆಳಿಗ್ಗೆ ಮಾಸ್ತರ ತಾಯಿ ಅಂಗಳಕ್ಕೆ ನೀರು ಹಾಕುತ್ತಾ ಕಾರಿನ ಬಾಗಿಲಿಗೆ ಕೈ ತಾಗಿಸಿದರು. ಬರಿಗಾಲು, ಒದ್ದೆ ನೆಲ. ಎಸೆದ ಹಾಗೆ ಹಿಂದಕ್ಕೆ ಬಿದ್ದರು. ಹಿಂದಕ್ಕೆ ಬಿದ್ದದ್ದರಿಂದಲೇ ಬದುಕಿದರು. ಬಾಗಿಲ ಹಿಡಿಕೆಯನ್ನು ಮುಷ್ಟಿಯಲ್ಲಿ ಹಿಡಿದಿದ್ದರೆ ಈ ಬರಹದ ಬದಲು ನಾವು ಬೇರೆಯೇ ಸುದ್ದಿ ಕಳಿಸಬೇಕಾಗುತ್ತಿತ್ತು.

ಈ ಘಟನೆ ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು: "ಹಳ್ಳಿಗೆ ಇವೆಲ್ಲ ಆಗಿಬರಲ್ಲ." ನಾವು ಈ ಮಾತನ್ನು ಒಪ್ಪುವುದಿಲ್ಲ. ಹಳ್ಳಿಗೆ ಎಲೆಕ್ಟ್ರಿಕ್ ಕಾರು ಆಗಿಬರುತ್ತದೆ. ಮನೆಯ ಪ್ಲಗ್ಗಿನಿಂದಲೇ ಚಾರ್ಜ್ ಮಾಡಬಹುದು. ಆಗಿಬರದಿರುವುದು ಆ ಬೆರಳುದ್ದದ ವೈರ್ ತುಂಡು.

ಮೊದಲು ಲೆಕ್ಕ ನೋಡೋಣ. ನಮ್ಮ ಮನೆಗಳಲ್ಲಿ ಎರಡು ಥರದ ಸಾಕೆಟ್ ಇರುತ್ತವೆ. ಮೊಬೈಲ್, ಟಿವಿಗೆ ಹಾಕುವ ಸಣ್ಣದು 6 ಆಂಪ್ಸ್. ಗೀಸರ್‌ಗೆ ಹಾಕುವ ದಪ್ಪ ಪಿನ್ನಿನ ಪವರ್ ಪ್ಲಗ್ 16 ಆಂಪ್ಸ್. ಕಾರಿನ ಜೊತೆ ಕೊಡುವ ಕೇಬಲ್ ಈ ದೊಡ್ಡದಕ್ಕೆ ಕೂರುತ್ತದೆ. ಅದು ಗಂಟೆಗೆ ಸುಮಾರು 3 ಯೂನಿಟ್ ಎಳೆಯುತ್ತದೆ. ಸಣ್ಣ ಎಲೆಕ್ಟ್ರಿಕ್ ಕಾರು ಒಂದು ಯೂನಿಟ್‌ಗೆ 7ರಿಂದ 8 ಕಿಲೋಮೀಟರ್ ಓಡುತ್ತದೆ ಅಂತಿಟ್ಟುಕೊಳ್ಳಿ. ಮಾಸ್ತರ 40 ಕಿಲೋಮೀಟರಿಗೆ ಬೇಕಾದದ್ದು 5–6 ಯೂನಿಟ್, ಅಂದರೆ ಎರಡು ಗಂಟೆಯ ಚಾರ್ಜ್. ಎಂಜಿ ಕಾಮೆಟ್‌ನಂಥ ಸಣ್ಣ ಕಾರಿನ ಬ್ಯಾಟರಿ 17.3 ಯೂನಿಟ್ ಹಿಡಿಯುತ್ತದೆ, ಟಾಟಾ ಟಿಯಾಗೊ ಇವಿಯ ದೊಡ್ಡ ಬ್ಯಾಟರಿ 24 ಯೂನಿಟ್. ಪೂರ್ತಿ ಖಾಲಿಯಾದರೂ ರಾತ್ರಿ ಮಲಗಿ ಏಳುವಷ್ಟರಲ್ಲಿ ತುಂಬುತ್ತದೆ. ಪೇಟೆಯ ಅಪಾರ್ಟ್‌ಮೆಂಟಿನವರಿಗೆ ಪಾರ್ಕಿಂಗ್‌ವರೆಗೆ ವೈರ್ ಎಳೆಯುವುದೇ ತಲೆನೋವು. ನಮಗೆ ಅಂಗಳ ಇದೆ, ಗೋಡೆ ನಮ್ಮದೇ, ಮೀಟರ್ ಬೋರ್ಡ್ ಕಣ್ಣೆದುರಿಗೇ ಇದೆ. ಈ ವಿಷಯದಲ್ಲಿ ಹಳ್ಳಿಯವರೇ ಮುಂದೆ.

ಹಾಗಾದರೆ ಅಪಾಯ ಎಲ್ಲಿದೆ?

ಗಂಟೆಗೆ 3 ಯೂನಿಟ್ ಅಂದರೆ 3 ಕಿಲೋವ್ಯಾಟ್. ನಮ್ಮ ಭಾಷೆಯಲ್ಲಿ ಹೇಳುವುದಾದರೆ ನಾಲ್ಕು ಎಚ್‌ಪಿ. ನಾಲ್ಕು ಎಚ್‌ಪಿ ಮೋಟಾರನ್ನು ಪಡಸಾಲೆಯ ಪ್ಲಗ್ಗಿಗೆ ಹಾಕಿ ಇಡೀ ರಾತ್ರಿ ಓಡಿಸುತ್ತೀರಾ? ಯಾರೂ ಓಡಿಸುವುದಿಲ್ಲ. ಕಾರು ಸದ್ದು ಮಾಡುವುದಿಲ್ಲವಾದ್ದರಿಂದ ನಮಗೆ ಅದು ಗೊತ್ತಾಗುವುದಿಲ್ಲ, ಅಷ್ಟೇ. ಗೀಸರ್ ಕೂಡ ಇಷ್ಟೇ ಎಳೆಯುತ್ತದೆ, ಆದರೆ ಹದಿನೈದು ಇಪ್ಪತ್ತು ನಿಮಿಷಕ್ಕೆ ಆಫ್ ಆಗುತ್ತದೆ. ಕಾರು ಗಂಟೆಗಟ್ಟಲೆ ಎಳೆಯುತ್ತಲೇ ಇರುತ್ತದೆ. ಸಾಕೆಟ್ಟಿನ ಸ್ಕ್ರೂ ಒಂದು ಸುತ್ತು ಸಡಿಲವಿದ್ದರೂ ಅಲ್ಲಿ ಬಿಸಿ ಹುಟ್ಟಿ, ಪ್ಲಾಸ್ಟಿಕ್ ಕಪ್ಪಾಗಿ, ಕರಗಿ, ಬೆಂಕಿಯವರೆಗೂ ಹೋಗಬಹುದು. ಎಲೆಕ್ಟ್ರಿಕ್ ಸ್ಕೂಟರ್ ಚಾರ್ಜರ್ ಸಾಮಾನ್ಯವಾಗಿ ಒಂದು ಕಿಲೋವ್ಯಾಟಿನ ಒಳಗೇ ಇರುತ್ತದೆ. "ಸ್ಕೂಟರಿಗೆ ಏನೂ ಆಗಿಲ್ಲ, ಕಾರಿಗೇನಾಗ್ತದೆ" ಎಂಬ ಧೈರ್ಯ ಅದಕ್ಕೇ ತಪ್ಪು.

ಎರಡನೆಯದು ಅರ್ಥಿಂಗ್. ಮೂರು ಪಿನ್ನಿನ ಸಾಕೆಟ್ಟಿನಲ್ಲಿ ಮೇಲಿರುವ ದೊಡ್ಡ ತೂತು ಅದೇ. ಯಂತ್ರದ ಮೈಗೆ ಕರೆಂಟ್ ಬಂದರೆ ಅದನ್ನು ನೆಲಕ್ಕೆ ಇಳಿಸುವುದು ಅದರ ಕೆಲಸ. ನಮ್ಮ ಎಷ್ಟೋ ಮನೆಗಳಲ್ಲಿ ಆ ತೂತಿನ ಹಿಂದೆ ವೈರೇ ಇಲ್ಲ. ಇದ್ದರೂ ಅಜ್ಜನ ಕಾಲದ ಪೈಪ್ ತುಕ್ಕು ಹಿಡಿದಿರುತ್ತದೆ. ಮಿಕ್ಸರ್, ಟಿವಿ ಅರ್ಥಿಂಗ್ ಇಲ್ಲದಿದ್ದರೂ ಓಡುತ್ತವೆ, ಹಾಗಾಗಿ ಯಾರೂ ಕೇಳುವುದಿಲ್ಲ. ಕಾರಿನ ಕೇಬಲ್ ಮಾತ್ರ ಕೇಳುತ್ತದೆ. ಅರ್ಥ್ ಸಿಗದಿದ್ದರೆ ಚಾರ್ಜ್ ಮಾಡುವುದಿಲ್ಲ ಎಂದು ನಿಲ್ಲುತ್ತದೆ. ಮಾಸ್ತರ ಮನೆಯ ಕೆಂಪು ದೀಪ ಹೇಳಿದ್ದು ಇದನ್ನೇ. ಅದು ಕಾರಿನ ದೋಷವಲ್ಲ, ಮನೆಯ ದೋಷ.

ನ್ಯೂಟ್ರಲ್ ಅನ್ನು ಅರ್ಥ್‌ಗೆ ಕೂಡಿಸಿದರೆ ಕೇಬಲ್ ಮೋಸಹೋಗುತ್ತದೆ. ನ್ಯೂಟ್ರಲ್ ಸರಿ ಇರುವವರೆಗೆ ಏನೂ ಆಗುವುದಿಲ್ಲ. ಆದರೆ ಗಾಳಿಗೆ ನ್ಯೂಟ್ರಲ್ ಕಟ್ ಆಗುವುದು ನಮ್ಮೂರುಗಳಲ್ಲಿ ಹೊಸದೇ? ಹೊರಗೆ ಅದು ಕಟ್ ಆದ ಕ್ಷಣ, ಆನ್ ಇರುವ ಫ್ರಿಜ್ಜು, ಬಲ್ಬಿನ ಮೂಲಕ ಹಾದ ಫೇಸ್ ಮನೆಯೊಳಗಿನ ನ್ಯೂಟ್ರಲ್‌ಗೆ ಬರುತ್ತದೆ. ಅಲ್ಲಿಂದ ಆ ವೈರ್ ತುಂಡಿನ ಮೂಲಕ ಕಾರಿನ ಮೈಗೆ. ಕಾರು ನಿಂತಿರುವುದು ರಬ್ಬರ್ ಟೈರಿನ ಮೇಲೆ, ಕರೆಂಟ್ ನೆಲಕ್ಕೆ ಇಳಿಯುವುದಿಲ್ಲ. ಮುಟ್ಟಿದವರ ಮೈಯೇ ದಾರಿ. ಮನೆ ಕತ್ತಲಾಗಿರುತ್ತದೆ, ಕಾರಿನಲ್ಲಿ ಕರೆಂಟ್ ಇರುತ್ತದೆ.

ಸರಿಯಾದ ದಾರಿ ಏನು ಕಷ್ಟದ್ದಲ್ಲ. ಮೀಟರ್ ಬೋರ್ಡಿನಿಂದ ಕಾರಿಗೆಂದೇ ಬೇರೆ ಲೈನ್ ಎಳೆಸಿ. 4 ಸ್ಕ್ವೇರ್ ಎಂಎಂ ತಾಮ್ರದ ವೈರ್ ಇರಲಿ. ಆ ಲೈನಿಗೆ ಅದರದ್ದೇ ಎಂಸಿಬಿ, ಜೊತೆಗೆ 30 ಮಿಲಿ ಆಂಪ್ಸಿನ ಆರ್‌ಸಿಸಿಬಿ ಹಾಕಿಸಿ. ಕರೆಂಟ್ ಸ್ವಲ್ಪ ಸೋರಿದರೂ ಟ್ರಿಪ್ ಆಗಿ ಜೀವ ಉಳಿಸುವುದು ಈ ಆರ್‌ಸಿಸಿಬಿಯೇ. ಒಳ್ಳೆಯ ಗುಣಮಟ್ಟದ 16 ಆಂಪ್ಸ್ ಸಾಕೆಟ್ ಹಾಕಿ. ಹೊಸ ಅರ್ಥಿಂಗ್ ಗುಂಡಿ ತೆಗೆಸಿ, ಮೀಟರ್ ಇಟ್ಟು ಅಳೆಯಲು ಹೇಳಿ, ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕಿ. ಈ ಕೆಲಸವನ್ನು ಲೈಸೆನ್ಸ್ ಇರುವ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸಿ. ಎಕ್ಸ್‌ಟೆನ್ಷನ್ ಬಾಕ್ಸ್ ಬೇಡವೇ ಬೇಡ. ಚಾರ್ಜ್ ಶುರುವಾಗಿ ಅರ್ಧ ಗಂಟೆಯ ನಂತರ ಪ್ಲಗ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ, ಕೈ ಇಡಲಾಗದಷ್ಟು ಬಿಸಿಯಿದ್ದರೆ ಬೋರ್ಡಿನಲ್ಲಿ ಎಂಸಿಬಿ ಇಳಿಸಿ, ಎಲೆಕ್ಟ್ರಿಷಿಯನ್ ಕರೆಸಿ. ಇದೆಲ್ಲಕ್ಕೆ ಕೆಲವು ಸಾವಿರ ರೂಪಾಯಿ ಆಗಬಹುದು. ಲಕ್ಷಗಟ್ಟಲೆ ಕೊಟ್ಟು ಕಾರು ತರುವವರಿಗೆ ಇದು ಕಾರಿನ ಬೆಲೆಯಲ್ಲೇ ಸೇರಿದ ಖರ್ಚು.

ಇನ್ನು ಬಿಲ್ಲಿನ ಮಾತು. ಗೃಹಜ್ಯೋತಿ ಇದೆಯಲ್ಲ, ಕಾರೂ ಅದರಲ್ಲೇ ಓಡಲಿ ಎಂದು ಕೆಲವರು ಲೆಕ್ಕ ಹಾಕಿದ್ದಾರೆ. ಆ ಲೆಕ್ಕ ಕೂಡುವುದಿಲ್ಲ. ಯೋಜನೆಯಲ್ಲಿ ಉಚಿತ ಸಿಗುವುದು ನಿಮ್ಮ ಹಿಂದಿನ ಸರಾಸರಿ ಬಳಕೆ ಮತ್ತು ಅದರ ಮೇಲೆ ಸ್ವಲ್ಪ. 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು. ತಿಂಗಳಿಗೆ 1,000 ಕಿಲೋಮೀಟರ್ ಓಡಿಸಿದರೆ ಕಾರಿಗೇ ಸುಮಾರು 140 ಯೂನಿಟ್. ಮನೆಗೆ 70 ಇದ್ದರೆ ಒಟ್ಟು 210. ಯೂನಿಟ್‌ಗೆ 6 ರೂಪಾಯಿಯ ಲೆಕ್ಕದಲ್ಲಿ 1,260 ರೂಪಾಯಿ, ಮೇಲೆ ಫಿಕ್ಸೆಡ್ ಚಾರ್ಜ್. ಆದರೂ ಅಷ್ಟು ದೂರಕ್ಕೆ ಪೆಟ್ರೋಲ್ ಕಾರಾದರೆ 5,000 ರೂಪಾಯಿ ದಾಟುತ್ತದೆ ಎಂಬುದನ್ನು ಮರೆಯಬೇಡಿ. ಉಳಿತಾಯ ಇದ್ದೇ ಇದೆ.

ಉಳಿತಾಯ ಇರುವಾಗ ಕಳ್ಳದಾರಿ ಯಾಕೆ ಬೇಕು? ತೋಟದ ಪಂಪ್‌ಸೆಟ್ ಲೈನಿಗೆ ಕಾರು ಸಿಕ್ಕಿಸುವ ಮಾತು ಈಗಾಗಲೇ ಕಟ್ಟೆಗಳಲ್ಲಿ ಕೇಳುತ್ತಿದೆ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಸಿಗುವ ಉಚಿತ ವಿದ್ಯುತ್ ನೀರೆತ್ತಲು ಮಾತ್ರ. ಬೇರೆ ಕೆಲಸಕ್ಕೆ ಬಳಸಿದರೆ 2003ರ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್‌ನಲ್ಲಿ ದುಪ್ಪಟ್ಟು ದರ ವಸೂಲಿ ಇದೆ.

ನೇರ ದಾರಿ ಬೇರೆಯೇ ಇದೆ. ಮನೆಯ ಈಗಿನ ಸಂಪರ್ಕದಿಂದ ಕಾರು ಚಾರ್ಜ್ ಮಾಡಲು ಕೇಂದ್ರದ ನಿಯಮ ಅವಕಾಶ ಕೊಟ್ಟಿದೆ. 2024ರ ಫೆಬ್ರವರಿಯಲ್ಲಿ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಕ್ಕೆ ತಿದ್ದುಪಡಿ ಬಂದ ಮೇಲೆ, ಕಾರಿಗೆಂದೇ ಬೇರೆ ಸಂಪರ್ಕವನ್ನೂ ಕೇಳಬಹುದು. ಗ್ರಾಮೀಣ ಭಾಗದಲ್ಲಿ ಹೊಸ ಸಂಪರ್ಕಕ್ಕೆ 15 ದಿನದ ಗಡುವು ಇದೆ. ಬೇರೆ ಮೀಟರ್ ಹಾಕಿಸಿದರೆ ಮನೆಯ ಲೆಕ್ಕ ಮನೆಗೇ ಉಳಿಯುತ್ತದೆ. ಬೇರೆ ಮೀಟರ್ ಬೇಡವೆಂದರೆ ಮಂಜೂರಾದ ಲೋಡ್ ಆದರೂ ಹೆಚ್ಚಿಸಿಕೊಳ್ಳಿ. ಒಂದು ಕಿಲೋವ್ಯಾಟ್ ಮಂಜೂರಾದ ಮನೆಯಲ್ಲಿ ಮೂರು ಕಿಲೋವ್ಯಾಟ್ ಎಳೆಯುವುದು ಇಡೀ ಓಣಿಯ ಸಮಸ್ಯೆ. 25 ಕೆವಿಎ ಟ್ರಾನ್ಸ್‌ಫಾರ್ಮರಿನ ಮೇಲೆ ಹೇಳದೆ ಕೇಳದೆ ಐದು ಕಾರು ಒಟ್ಟಿಗೆ ಕೂತರೆ ಅರ್ಧಕ್ಕಿಂತ ಹೆಚ್ಚು ಲೋಡ್ ಅವೇ ನುಂಗುತ್ತವೆ. ಆಮೇಲೆ ಸುಟ್ಟ ಟಿಸಿ ಬದಲಿಸಲು ನಾವೆಲ್ಲ ಕಾಯಬೇಕು.

ಆದರೆ ಎಲ್ಲವನ್ನೂ ಗ್ರಾಹಕರ ತಲೆಗೇ ಕಟ್ಟುವುದು ನ್ಯಾಯವಲ್ಲ. ಮಾಸ್ತರಿಗೆ ಕಾರು ಮಾರಿದವರು ಬಣ್ಣ ಕೇಳಿದರು, ಸಾಲದ ಕಂತು ಕೇಳಿದರು. ಮನೆಯ ಅರ್ಥಿಂಗ್ ಕೇಳಲಿಲ್ಲ. ಕೀಲಿ ಕೊಡುವ ಮೊದಲು ಒಬ್ಬ ಟೆಕ್ನಿಷಿಯನ್ ಮನೆಗೆ ಬಂದು ಸಾಕೆಟ್, ಅರ್ಥಿಂಗ್ ಪರೀಕ್ಷಿಸಿ ಚೀಟಿ ಕೊಡುವುದು ಕಡ್ಡಾಯವಾಗಬೇಕು. ವಿದ್ಯುತ್ ಕಂಪನಿಗಳ ಸೆಕ್ಷನ್ ಆಫೀಸುಗಳು ಲೋಡ್ ಹೆಚ್ಚಿಸುವ ಅರ್ಜಿಯ ಜೊತೆಗೇ ಸರ್ವಿಸ್ ವೈರ್, ನ್ಯೂಟ್ರಲ್ ನೋಡಿ ಹೋಗಬೇಕು. ವೈರಿಂಗ್ ಮಾಡುವ ತಮ್ಮಂದಿರಿಗೂ ಒಂದು ಮಾತು: ಗಿರಾಕಿ ಎಷ್ಟೇ ಅವಸರ ಮಾಡಲಿ, ಆ ವೈರ್ ತುಂಡು ಮಾತ್ರ ಜೋಡಿಸಬೇಡಿ.

ನಮ್ಮ ತಪ್ಪೂ ಇದೆ. "ಶಾರ್ಟ್ ಸರ್ಕ್ಯೂಟ್‌ನಿಂದ ಬೆಂಕಿ", "ವಿದ್ಯುತ್ ತಗುಲಿ ಸಾವು" ಎಂದು ನಾಲ್ಕು ಸಾಲು ಕಳಿಸಿ ನಾವು ವರದಿಗಾರರು ಮುಂದಿನ ಸುದ್ದಿಗೆ ಹೋಗುತ್ತೇವೆ. ಆ ಮನೆಯಲ್ಲಿ ಅರ್ಥಿಂಗ್ ಇತ್ತೇ ಎಂದು ಎಷ್ಟು ಸಲ ಕೇಳಿದ್ದೇವೆ? ಇನ್ನು ಮುಂದೆ ಕೇಳುತ್ತೇವೆ.

ಮಾಸ್ತರು ಕಾರು ಮಾರಲಿಲ್ಲ. ಹಿತ್ತಲಲ್ಲಿ ಅರ್ಥಿಂಗ್ ಗುಂಡಿ ತೆಗೆಸಿದರು, ಬೇರೆ ಲೈನ್ ಎಳೆಸಿದರು, ಆರ್‌ಸಿಸಿಬಿ ಹಾಕಿಸಿದರು. ಈಗ ಕಾರು ದಿನಾ ರಾತ್ರಿ ಅಂಗಳದಲ್ಲಿ ಚಾರ್ಜ್ ಆಗುತ್ತದೆ. ಅವರ ತಾಯಿ ಮಾತ್ರ ಇನ್ನೂ ಕಾರು ಬಿಟ್ಟು ನಾಲ್ಕು ಮಾರು ದೂರದಿಂದಲೇ ನೀರು ಹಾಕುತ್ತಾರೆ. ನೀವೂ ಕಾರು ತರುವ ಯೋಚನೆಯಲ್ಲಿದ್ದರೆ, ಒಂದು ಚಾರ್ಜಿಗೆ ಎಷ್ಟು ಕಿಲೋಮೀಟರ್ ಓಡುತ್ತದೆ ಎಂದು ಶೋರೂಮಿನಲ್ಲಿ ಕೇಳುವ ಮೊದಲು ಮನೆಯ ಆ ಮೂರನೇ ತೂತಿನ ಹಿಂದೆ ಏನಿದೆ ಎಂದು ತೋರಿಸಿಕೊಳ್ಳಿ.